ಬಂದರಿನ ಊರಲ್ಲಿ ಊಟ ಹುಡುಕುವುದು

(ಗೆಳೆಯರ ಬಳಗದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕೆರಿಬಿಯನ್ ದ್ವೀಪ ಟ್ರಿನಿಡಾಡಿನ ರಾಜಧಾನಿ ಪೋರ್ಟ್ ಆಫ್ ಸ್ಪೇನ್ ಅಂತ ಹೆಸರು ಹೇಳಿದ ಕೂಡಲೇ ಮುಂದಿನ ಸಾಲಿನಲ್ಲಿ ಕೂತ ಕೆಲವು ಹಿರಿಯರ ಮುಖ ಅರಳಿತು. ಯಾಕೆ ಅಂತ ನನಗೂ ಗೊತ್ತು. 1976ರ ಏಪ್ರಿಲ್. ಅಲ್ಲಿ ನಡೆದ ಕ್ರಿಕೆಟ್ ಟೆಸ್ಟಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಗೆಲ್ಲಲು 403 ರನ್ ಬೇಕಿತ್ತು. ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ 112 ಹೊಡೆದರು. ಬ್ರಿಜೇಶ್ ಪಟೇಲ್ 49 ರನ್ ಮಾಡಿ ಔಟಾಗದೆ ಉಳಿದರು. ನಾಲ್ಕೇ ವಿಕೆಟ್ ಕಳೆದುಕೊಂಡು ಭಾರತ ಗೆದ್ದುಬಿಟ್ಟಿತು. ನಮ್ಮ ಅಪ್ಪ ಊಟಕ್ಕೆ ಕೂತಾಗಲೆಲ್ಲ ಆ ಪಂದ್ಯದ ಕಥೆ ಹೇಳುತ್ತಿದ್ದರು. ಹಾಗಾಗಿ ಆ ಊರಿಗೂ ಊಟಕ್ಕೂ ನನ್ನ ತಲೆಯಲ್ಲಿ ಚಿಕ್ಕಂದಿನಿಂದಲೇ ಒಂದು ನಂಟು ಬೆಳೆದಿತ್ತು.

ನನ್ನ ಅಕ್ಕನ ಮಗಳು ಟ್ರಿನಿಡಾಡಿನಲ್ಲಿ ಕೆಲಸದಲ್ಲಿದ್ದಳು. ಅವಳ ಜೊತೆ ಐದು ವಾರ ಇದ್ದು ಬಂದೆ. ಆ ಐದು ವಾರದಲ್ಲಿ ನಾನು ಹೆಚ್ಚಾಗಿ ಮಾಡಿದ್ದು ಒಂದೇ ಕೆಲಸ. ಆ ಊರಿನವರು ಏನು ತಿನ್ನುತ್ತಾರೆ, ಎಲ್ಲಿ ತಿನ್ನುತ್ತಾರೆ ಅಂತ ಹುಡುಕಿಕೊಂಡು ಓಡಾಡಿದೆ. ಕೆರಿಬಿಯನ್ ಕಡೆಗೆ ಹೋಗುವವರು ಈಗ ನಮ್ಮಲ್ಲೂ ಇದ್ದಾರೆ. ಕೆಲವರು ಹಡಗಿನಲ್ಲಿ ಹೋಗಿ ಒಂದೊಂದು ಬಂದರಿನಲ್ಲಿ ಆರೇಳು ಗಂಟೆ ಇಳಿದು ಬರುತ್ತಾರೆ. ಅವರಿಗೂ ಉಪಯೋಗ ಆಗಲಿ ಅಂತ ಈ ಮಾತು.

ಮೊದಲ ಎರಡು ದಿನ ಅವಳು ಊರಲ್ಲಿರಲಿಲ್ಲ. ನಾನು ಬಂದರಿನ ಹತ್ತಿರದ ಒಂದು ಹೋಟೆಲಿನಲ್ಲಿ ಉಳಿದೆ. ಅಲ್ಲಿನ ಮೆನುವಿನಲ್ಲಿ 'ಕೆರಿಬಿಯನ್ ಸ್ಪೆಷಲ್' ಅಂತ ಒಂದು ತಟ್ಟೆ ಇತ್ತು. ಸುಟ್ಟ ಕೋಳಿ, ಹಳದಿ ಅನ್ನ, ಮೇಲೊಂದು ಅನಾನಸ್ ಚೂರು. ನೋಡಲು ಚೆನ್ನಾಗಿತ್ತು. ಬಾಯಿಗೆ ಏನೂ ಹತ್ತಲಿಲ್ಲ. ಉಪ್ಪು ಕಮ್ಮಿ, ಖಾರ ಇಲ್ಲವೇ ಇಲ್ಲ. ಯಾವ ದೇಶದವರು ಬಂದರೂ ಬೇಡ ಅನ್ನಬಾರದು ಅಂತ ಮಾಡಿದ ಅಡುಗೆ ಅದು. ಅಂಥ ಅಡುಗೆಗೆ ಊರೇ ಇರುವುದಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲ ಬಳಿ ನಿಂತಿದ್ದ ಕಾವಲುಗಾರನನ್ನು ಮಾತಾಡಿಸಿದೆ. ಇಲ್ಲಿ ಒಳ್ಳೆ ಊಟ ಎಲ್ಲಿ ಸಿಗುತ್ತೆ ಅಂತ ಕೇಳಿದೆ. ಆತ ಪಾಪ ಯೋಚಿಸಿ ಯೋಚಿಸಿ ಎರಡು ದೊಡ್ಡ ರೆಸ್ಟೋರೆಂಟ್ ಹೆಸರು ಹೇಳಿದ. ನೀವು ಅಲ್ಲಿಗೆ ಹೋಗಿದ್ದೀರಾ ಅಂದೆ. ಇಲ್ಲ ಅಂದ. ಹಾಗಾದ್ರೆ ಇವತ್ತು ಬೆಳಿಗ್ಗೆ ನೀವು ಏನು ತಿಂದಿರಿ ಅಂತ ಕೇಳಿದೆ. ಆತನ ಮುಖವೇ ಬದಲಾಯಿತು. "ಡಬಲ್ಸ್! ಮೂಲೆಯಲ್ಲಿ. ನಾಳೆ ಆರೂವರೆಗೆ ಬನ್ನಿ, ತೋರಿಸ್ತೀನಿ" ಅಂದ.

ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಒಳ್ಳೆ ಊಟ ಎಲ್ಲಿ ಸಿಗುತ್ತೆ ಅಂತ ಕೇಳಿದರೆ ಜನ ನಿಮಗೆ ಏನು ಹಿಡಿಸಬಹುದು ಅಂತ ಯೋಚಿಸುತ್ತಾರೆ. ನೀವು ಏನು ತಿಂದಿರಿ ಅಂತ ಕೇಳಿದರೆ ನಿಜ ಹೇಳುತ್ತಾರೆ. ಒಂದು ಅಡುಗೆ ಯಾರ ಹೊಟ್ಟೆಗಾಗಿ ಬೇಯುತ್ತಿದೆ ಅನ್ನುವುದನ್ನು ಪತ್ತೆ ಮಾಡಿದರೆ ಸಾಕು, ಉಳಿದದ್ದೆಲ್ಲ ತಾನಾಗಿ ಸಿಗುತ್ತದೆ.

ಆರೂವರೆಗೆ ಹೋದೆ. ಮೂಲೆಯಲ್ಲಿ ಒಂದು ಚಿಕ್ಕ ಗಾಡಿ, ಮೇಲೆ ದೊಡ್ಡ ಛತ್ರಿ. ಬಟ್ಟೆ ಹಾಸಿದ ಪೆಟ್ಟಿಗೆಯ ತುಂಬ ಬಾರಾ. ಬಾರಾ ಅಂದರೆ ಅಂಗೈಯಗಲದ, ಅರಿಶಿನ ಹಾಕಿ ಹುಳಿ ಬರಿಸಿದ ಮೈದಾ ಹಿಟ್ಟಿನ ಮೆತ್ತನೆ ಪೂರಿ. ಮಾರುವವನು ಎಡಗೈಯಲ್ಲಿ ಒಂದು ಕಾಗದ ಎತ್ತುತ್ತಾನೆ. ಅದರ ಮೇಲೆ ಎರಡು ಬಾರಾ, ಒಂದರ ಮೇಲೆ ಒಂದು ಅರ್ಧ ಬರುವ ಹಾಗೆ. ನಡುವೆ ಒಂದು ಸೌಟು ಬಿಸಿ ಕಾಬೂಲಿ ಕಡಲೆ ಸಾರು, ಗಟ್ಟಿಯಾಗಿ. ಮೇಲೆ ಹೆರೆದ ಸೌತೆಕಾಯಿ, ಹುಣಸೆ ಚಟ್ನಿ, ಕೊನೆಗೆ ಮೆಣಸಿನಕಾಯಿ ಚಟ್ನಿ. ಕಾಗದದ ಎರಡು ತುದಿ ಹಿಡಿದು ಗಿರ್ರನೆ ಒಂದು ತಿರುವು. ಪೊಟ್ಟಣ ನಿಮ್ಮ ಕೈಯಲ್ಲಿ. ಇಷ್ಟಕ್ಕೂ ಹತ್ತು ಸೆಕೆಂಡು ಹಿಡಿಯುವುದಿಲ್ಲ. ಆತ ಕೇಳುವುದು ಒಂದೇ ಮಾತು, ಪೆಪ್ಪರ್ ಎಷ್ಟು ಅಂತ. 'ಸ್ಲೈಟ್' ಅಂದರೆ ಒಂದು ಚೂರು. ಮೊದಲ ಸಲ ಹೋಗುವವರು ದಯವಿಟ್ಟು ಸ್ಲೈಟ್ ಅಂತಲೇ ಹೇಳಿ. ನಮ್ಮ ಬ್ಯಾಡಗಿಯ ಹಾಗೆ ಬಣ್ಣಕ್ಕೆ ಹಾಕುವ ಮೆಣಸಲ್ಲ ಅದು. ಮೊರುಗ ಸ್ಕಾರ್ಪಿಯನ್ ಅನ್ನುವ, ಜಗತ್ತಿನ ಅತಿ ಖಾರದ ಮೆಣಸುಗಳ ಸಾಲಿಗೆ ಸೇರಿದ ತಳಿ ಇದೇ ದ್ವೀಪದ್ದು.

ಎಲ್ಲರೂ ನಿಂತೇ ತಿನ್ನುತ್ತಾರೆ. ಸೂಟು ಹಾಕಿದ ಬ್ಯಾಂಕಿನವರು, ಹೆಲ್ಮೆಟ್ ಹಾಕಿದ ಬಂದರಿನ ಕೆಲಸಗಾರರು, ಯೂನಿಫಾರ್ಮಿನ ಶಾಲೆ ಮಕ್ಕಳು, ಎಲ್ಲರೂ ಒಂದೇ ಗಾಡಿಯ ಸುತ್ತ ಬೆನ್ನು ಬಗ್ಗಿಸಿ, ಸಾರು ಬಟ್ಟೆಗೆ ಸೋರದ ಹಾಗೆ ತಿನ್ನುತ್ತಾರೆ. ದುಡ್ಡು ಕೊಡುವುದು ತಿಂದಾದ ಮೇಲೆ. ಯಾರು ಎಷ್ಟು ತಿಂದರು ಅನ್ನುವುದು ಮಾರುವವನ ನೆನಪಿನಲ್ಲೇ ಇರುತ್ತದೆ. ನಾನು ಎರಡು ತಿಂದೆ. "ಇನ್ನೊಂದು, ಆಂಟಿ?" ಅಂದ. ಮೂರನೆಯದನ್ನೂ ತಿಂದೆ.

ಈ ತಿಂಡಿಯ ಹಿಂದಿನ ಕಥೆ ದೊಡ್ಡದು. ಬ್ರಿಟಿಷರ ವಸಾಹತುಗಳಲ್ಲಿ 1834ರಲ್ಲಿ ಗುಲಾಮಗಿರಿಯನ್ನು ಕಾನೂನಿನಿಂದ ತೆಗೆದರು. 1838ರ ಹೊತ್ತಿಗೆ ಆಫ್ರಿಕಾ ಮೂಲದ ಜನ ಪೂರ್ತಿ ಬಿಡುಗಡೆಯಾದರು. ಕಬ್ಬಿನ ತೋಟಗಳಿಗೆ ಕೂಲಿಯಾಳು ಬೇಕಾಯಿತು. 1845ರ ಮೇ 30ರಂದು ಫತೆಲ್ ರಜಾಕ್ ಅನ್ನುವ ಹಡಗು ಕಲ್ಕತ್ತೆಯಿಂದ ಸುಮಾರು 225 ಜನರನ್ನು ಹೊತ್ತು ಟ್ರಿನಿಡಾಡಿಗೆ ಬಂತು. ಮೂರು ತಿಂಗಳಿಗೂ ಜಾಸ್ತಿ ಪ್ರಯಾಣ. ಆಮೇಲೆ 1917ರವರೆಗೆ ಹೀಗೆ ಬಂದವರು 1,40,000ಕ್ಕೂ ಹೆಚ್ಚು. ಬಹುಪಾಲು ಜನ ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಮದರಾಸು ಬಂದರಿನಿಂದಲೂ ಕೆಲವರು ಹೋದರು. ಮೇ 30 ಈಗ ಅಲ್ಲಿ ಸರ್ಕಾರಿ ರಜೆ.

ಅವರ ಮಕ್ಕಳು, ಮೊಮ್ಮಕ್ಕಳು ಮಾಡಿದ ತಿಂಡಿ ಡಬಲ್ಸ್. ದ್ವೀಪದ ದಕ್ಷಿಣದಲ್ಲಿ ಪ್ರಿನ್ಸಸ್ ಟೌನ್ ಅಂತ ಒಂದು ಊರಿದೆ. ಅಲ್ಲಿನ ದೀನ್ ಅನ್ನುವ ಕುಟುಂಬ 1930ರ ದಶಕದಲ್ಲಿ ಇದನ್ನು ಮಾರಲು ಶುರು ಮಾಡಿತು ಅಂತ ಹೇಳುತ್ತಾರೆ. ಮೊದಲು ಒಂದೇ ಬಾರಾದ ಮೇಲೆ ಕಡಲೆ ಹಾಕಿ ಕೊಡುತ್ತಿದ್ದರಂತೆ. ಗಿರಾಕಿಗಳು ಡಬಲ್ ಮಾಡಿ, ಡಬಲ್ ಮಾಡಿ ಅನ್ನುತ್ತಿದ್ದರು. ಹೆಸರೂ ಅದೇ ಉಳಿಯಿತು. ಬಾರಾ ಅಂದರೆ ಭೋಜಪುರಿಯಲ್ಲಿ ವಡೆ. ಆದರೆ ನೀವು ಬಿಹಾರಕ್ಕೆ ಹೋಗಿ ಡಬಲ್ಸ್ ಕೇಳಿದರೆ ಸಿಗುವುದಿಲ್ಲ. ಇದು ಅಲ್ಲಿಯೇ ಹುಟ್ಟಿದ ತಿಂಡಿ.

ಇನ್ನೊಂದು ವಿಷಯ ನನ್ನನ್ನು ಬಹಳ ಯೋಚಿಸುವ ಹಾಗೆ ಮಾಡಿತು. ಟ್ರಿನಿಡಾಡಿನಲ್ಲಿ ಗೋಧಿ ಬೆಳೆಯುವುದಿಲ್ಲ. ಕಡಲೆಯೂ ಹೊರಗಿನಿಂದಲೇ ಬರಬೇಕು. ಅಂದರೆ ಇಡೀ ದೇಶ ಬೆಳಿಗ್ಗೆ ತಿನ್ನುವ ತಿಂಡಿಯ ಎರಡು ಮುಖ್ಯ ಸಾಮಾನು ಹಡಗಿನಲ್ಲಿ ಬಂದವು. ಹಾಗಾದರೆ ಇದನ್ನು ಅಲ್ಲಿನ ತಿಂಡಿ ಅನ್ನಬಹುದಾ? ಧಾರಾಳವಾಗಿ ಅನ್ನಬಹುದು. ಬಂದರಿನ ಊರಲ್ಲಿ ಎಲ್ಲವೂ ಯಾವಾಗಲೋ ಒಮ್ಮೆ ಹಡಗಿನಿಂದ ಇಳಿದದ್ದೇ.

ಜೀಗುಜ್ಜೆಯನ್ನೇ ತಗೊಳ್ಳಿ. ನಾನು ಪುತ್ತೂರು ಕಡೆಯವಳು. ನಮ್ಮಲ್ಲಿ ಜೀಗುಜ್ಜೆ ಪೋಡಿ, ಜೀಗುಜ್ಜೆ ಪಲ್ಯ ಇಲ್ಲದ ಮಳೆಗಾಲ ಇಲ್ಲ. ಘಟ್ಟದ ಮೇಲೆ ಕೆಲವರು ದೀವಿ ಹಲಸು ಅನ್ನುತ್ತೀರಿ. ಅದು ಶಾಂತ ಸಾಗರದ ದ್ವೀಪಗಳ ಮರ. ಕ್ಯಾಪ್ಟನ್ ವಿಲಿಯಂ ಬ್ಲೈ ಅನ್ನುವವನು ತಾಹಿತಿಯಿಂದ ಅದರ ಸಸಿಗಳನ್ನು 1793ರಲ್ಲಿ ಕೆರಿಬಿಯನ್ ದ್ವೀಪಗಳಿಗೆ ತಂದ. ತೋಟದ ಗುಲಾಮರಿಗೆ ಕಮ್ಮಿ ಖರ್ಚಿನಲ್ಲಿ ಹೊಟ್ಟೆ ತುಂಬಿಸಬೇಕು, ಅಷ್ಟೇ ಉದ್ದೇಶ. ಮೊದಲ ಪ್ರಯತ್ನ 1789ರಲ್ಲೇ ಹಾಳಾಗಿತ್ತು. ಬೌಂಟಿ ಅನ್ನುವ ಅವನ ಹಡಗಿನ ಆಳುಗಳೇ ದಂಗೆ ಎದ್ದು ಅವನನ್ನು ದೋಣಿಯಲ್ಲಿ ಇಳಿಸಿಬಿಟ್ಟಿದ್ದರು. ಇವತ್ತು ಟ್ರಿನಿಡಾಡಿನಲ್ಲಿ ಅದೇ ಜೀಗುಜ್ಜೆಯನ್ನು ತೆಂಗಿನ ಹಾಲಿನಲ್ಲಿ ಉಪ್ಪು ಹಾಕಿದ ಮಾಂಸದ ಜೊತೆ ಬೇಯಿಸುತ್ತಾರೆ. ಹಾಲು ಇಂಗಿ, ಎಣ್ಣೆ ಬಿಟ್ಟು, ತಳಕ್ಕೆ ಇಳಿಯುವವರೆಗೆ ಒಲೆ ಮೇಲೆ ಇರಬೇಕು. ಅದಕ್ಕೇ ಹೆಸರು 'ಆಯಿಲ್ ಡೌನ್'. ಬಲವಂತದ ಊಟವಾಗಿ ಬಂದದ್ದನ್ನು ಆ ಜನ ತಮ್ಮ ಕೈಯಿಂದ ಪ್ರೀತಿಯ ಊಟ ಮಾಡಿಕೊಂಡರು. ಉಪ್ಪು ಮೀನೂ ಹಾಗೆಯೇ. ಕೆನಡಾ ಕಡೆಯ ತಣ್ಣನೆ ಸಮುದ್ರದ ಕಾಡ್ ಮೀನು. ಉಪ್ಪಿನಲ್ಲಿ ಒಣಗಿಸಿ, ತೋಟದ ಗುಲಾಮರಿಗೆ ಅಗ್ಗದ ಊಟ ಅಂತ ಕಳಿಸುತ್ತಿದ್ದರು. ಈಗ ಅದನ್ನು ನೆನೆಸಿ, ಬಿಡಿಸಿ, ಈರುಳ್ಳಿ, ಟೊಮೆಟೊ, ಮೆಣಸು ಹಾಕಿ 'ಬುಲ್‌ಜೋಲ್' ಮಾಡುತ್ತಾರೆ. ರಜೆ ದಿನದ ಬೆಳಗಿನ ತಿಂಡಿಗೆ ಅದು ಬೇಕೇ ಬೇಕು.

ಆದ್ದರಿಂದ 'ಅಸಲಿ' ಅನ್ನುವುದನ್ನು ಶುದ್ಧ ಅನ್ನುವ ಅರ್ಥದಲ್ಲಿ ಹುಡುಕಬೇಡಿ. ಹಾಗೆ ಹುಡುಕಿದರೆ ಬಂದರಿನಲ್ಲಿ ಏನೂ ಸಿಗುವುದಿಲ್ಲ.

ಸುಲಭವಾಗಿ ಗುರುತು ಹಿಡಿಯಬಹುದಾದದ್ದು ಗಡಿಯಾರ. ಊರಿನವರ ಊಟಕ್ಕೆ ಒಂದು ಹೊತ್ತಿರುತ್ತದೆ. ಡಬಲ್ಸ್ ಗಾಡಿಯ ಮುಂದೆ ಬೆಳಿಗ್ಗೆ ಆರರಿಂದ ಎಂಟರವರೆಗೆ ಜನ. ಒಳ್ಳೆಯ ಗಾಡಿಯವರ ಪಾತ್ರೆ ಹತ್ತು ಗಂಟೆಯ ಹೊತ್ತಿಗೆ ಖಾಲಿ. ಮತ್ತೆ ರಾತ್ರಿ ಕೆಲವರು ಬರುತ್ತಾರೆ. ಬೆಲೆ ಪಟ್ಟಿ ತೂಗುಹಾಕಿ ದಿನವಿಡೀ ಎಲ್ಲವನ್ನೂ ಮಾರುವ ಜಾಗ ಬಂದು ಹೋಗುವವರಿಗಾಗಿ ಇರುವುದು. ಖಾಲಿ ಆಯ್ತು, ನಾಳೆ ಬನ್ನಿ ಅಂತ ಹೇಳುವ ಅಂಗಡಿಯನ್ನು ನೆನಪಿಟ್ಟುಕೊಳ್ಳಿ. ನಾಳೆ ಅಲ್ಲಿಗೇ ಹೋಗಿ.

ಶುಚಿ ಬಗ್ಗೆ ಕೆಲವರು ಮೊದಲೇ ನನ್ನನ್ನು ಕೇಳಿದ್ದಿರಿ. ಅಲ್ಲಿ ಆಹಾರ ಮಾರುವವರು ಆರೋಗ್ಯ ಇಲಾಖೆಯಿಂದ 'ಫುಡ್ ಬ್ಯಾಡ್ಜ್' ತಗೊಳ್ಳಬೇಕು. ಅದನ್ನು ಎದೆಗೆ ಸಿಕ್ಕಿಸಿಕೊಂಡವರನ್ನು ನೋಡಬಹುದು. ಅದಕ್ಕಿಂತ ಜಾಸ್ತಿ ನಾನು ನಂಬುವುದು ಜನಸಂದಣಿಯನ್ನು. ಬೇಗ ಖಾಲಿಯಾಗುವ ಪಾತ್ರೆಯಲ್ಲಿ ಹಳಸಿದ್ದು ಇರುವುದಿಲ್ಲ. ಇನ್ನೊಂದು ಎಚ್ಚರ. ಪೋರ್ಟ್ ಆಫ್ ಸ್ಪೇನಿನಲ್ಲಿ ಎಲ್ಲ ಬೀದಿಗೆ ಎಲ್ಲ ಹೊತ್ತಿನಲ್ಲೂ ಒಬ್ಬರೇ ಹೋಗುವ ಹಾಗಿಲ್ಲ. ಎಲ್ಲಿಗೆ ಯಾವಾಗ ಹೋಗಬಹುದು ಅಂತ ಅಲ್ಲಿನವರನ್ನು ಕೇಳಿಯೇ ಹೊರಡಿ. ನನ್ನ ಮಗಳು ಹೇಳಿದ್ದನ್ನು ನಾನು ಒಂದು ದಿನವೂ ಮೀರಲಿಲ್ಲ. ಅಕ್ಕನ ಮಗಳು ಅಂದರೆ ನನಗೆ ಮಗಳೇ, ಬಿಡಿ.

ಹಡಗು ಇಳಿದವರಿಗೆ ಹತ್ತಿರದ ಒಂದು ಜಾಗ ಹೇಳುತ್ತೇನೆ. ಪ್ರವಾಸಿ ಹಡಗುಗಳು ನಿಲ್ಲುವ ಕಟ್ಟೆಯ ಪಕ್ಕದಲ್ಲೇ, ರೈಟ್‌ಸನ್ ರೋಡಿನಲ್ಲಿ, 'ಬ್ರೇಕ್‌ಫಾಸ್ಟ್ ಷೆಡ್' ಅಂತ ಇದೆ. 'ಫಾಮ್ ದ್ಯು ಶಾಲೆ' ಅಂತ ಫ್ರೆಂಚ್ ಹೆಸರೂ ಇದೆ. ಫಾಮ್ ಅಂದರೆ ಹೆಂಗಸರು, ಶಾಲೆ ಅಂದರೆ ಫ್ರೆಂಚಿನಲ್ಲಿ ಮರದ ಮನೆ. ಸಾಲಾಗಿ ಅಡುಗೆ ಕಟ್ಟೆಗಳು, ಒಂದೊಂದರ ಹಿಂದೆ ಒಬ್ಬೊಬ್ಬ ಹೆಂಗಸು. ಈ ಊರಿನಲ್ಲಿ ಬ್ರೇಕ್‌ಫಾಸ್ಟ್ ಷೆಡ್ ಅನ್ನುವ ಹೆಸರಿಗೆ ಒಂದು ಗೌರವ ಇದೆ. ಆಡ್ರಿ ಜೆಫರ್ಸ್ ಅನ್ನುವ ಮಹಿಳೆ 1921ರಲ್ಲಿ ಸಮಾಜಸೇವೆಯ ಒಂದು ಮಹಿಳಾ ಬಳಗ ಕಟ್ಟಿದರು. ಆ ಬಳಗ ಬಡ ಶಾಲಾಮಕ್ಕಳಿಗೆ ಊಟ ಹಾಕಲು ತೆರೆದ ಜಾಗಗಳಿಗೆ ಇದೇ ಹೆಸರಿತ್ತು. ಕಟ್ಟೆ ಪಕ್ಕದ ಈ ಷೆಡ್ಡಿನಲ್ಲಿ ಬಹಳ ಕಾಲ ಉಂಡವರು ಬಂದರಿನ ಕೂಲಿಗಳು, ಸುತ್ತಲ ಆಫೀಸಿನವರು.

ನಾನು ಮಧ್ಯಾಹ್ನ ಹನ್ನೊಂದೂವರೆಗೆ ಹೋದೆ. ಬೇಯಿಸಿದ ಕೆಸುವಿನ ಗೆಡ್ಡೆ, ಮರಗೆಣಸು, ಬಾಳೆಕಾಯಿ. ಈ ಗೆಡ್ಡೆಗೆಣಸಿಗೆಲ್ಲ ಸೇರಿಸಿ ಅವರು 'ಪ್ರಾವಿಷನ್' ಅನ್ನುತ್ತಾರೆ. ಬಾಳೆಕಾಯಿಗೆ ಅಲ್ಲಿ 'ಗ್ರೀನ್ ಫಿಗ್' ಅಂತ ಹೆಸರು. ಅಂಜೂರ ಅಂದುಕೊಂಡು ಮೋಸ ಹೋಗಬೇಡಿ. ಪಕ್ಕದಲ್ಲಿ ಗಸಿ ಮಾಡಿದ ಮೀನು. ನಾನು ಮೀನು ತಿನ್ನುವ ಮನೆಯವಳು, ಅದರ ರುಚಿ ಕೂಡಲೇ ಗೊತ್ತಾಯಿತು. ಮೀನಿಗೆ ಮೊದಲೇ ಒಂದು ಹಸಿರು ಮಸಾಲೆ ಹಚ್ಚಿ ಇಟ್ಟಿದ್ದರು. ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಒಂದು ಸೊಪ್ಪು, ಥೈಮ್ ಅನ್ನುವ ಘಮದ ಸೊಪ್ಪು, ಜೊತೆಗೆ 'ಷಾಡೊ ಬೆನಿ'. ಷಾಡೊ ಬೆನಿ ಅಂದರೆ ಉದ್ದ ಎಲೆಯ, ಅಂಚಿಗೆ ಹಲ್ಲಿರುವ ಒಂದು ಸೊಪ್ಪು. ಕೊತ್ತಂಬರಿಯದೇ ವಾಸನೆ, ಆದರೆ ಘಾಟು ಜಾಸ್ತಿ. ಹೆಸರು ಫ್ರೆಂಚಿನಿಂದ ಬಂದದ್ದು. ಅಲ್ಲಿನ ಭಾರತೀಯ ಮೂಲದವರು ಅದನ್ನೇ 'ಬಂಧನಿಯಾ' ಅನ್ನುತ್ತಾರೆ. ಒಂದೇ ಗಿಡ, ಎರಡು ಹೆಸರು, ಎರಡೂ ಮನೆಯಲ್ಲಿ ಅದಿಲ್ಲದೆ ಒಲೆ ಹತ್ತುವುದಿಲ್ಲ.

ಟ್ರಿನಿಡಾಡಿನಲ್ಲಿ ಹೀಗೆ ಸುಲಭವಾಗಿ ಊರಿನ ಊಟ ಸಿಗಲು ಒಂದು ಕಾರಣ ಇದೆ ಅಂತ ನನಗನ್ನಿಸುತ್ತದೆ. ಆ ದೇಶ ನಡೆಯುವುದು ಹೆಚ್ಚಾಗಿ ತೈಲ ಮತ್ತು ಅನಿಲದ ದುಡ್ಡಿನಲ್ಲಿ. ಪ್ರವಾಸಿಗಳನ್ನೇ ನಂಬಿಕೊಂಡ ಕೆರಿಬಿಯನ್ ಬಂದರುಗಳೂ ಇವೆ. ಅಲ್ಲಿ ಹಡಗು ನಿಲ್ಲುವ ಬೀದಿಯ ಅಡುಗೆ ಹಡಗಿನವರಿಗಾಗಿಯೇ ಇರುತ್ತದೆ. ತಪ್ಪು ಅವರದಲ್ಲ, ಹೊಟ್ಟೆಪಾಡು. ಅಂಥ ಕಡೆ ಕಟ್ಟೆಯಿಂದ ಒಂದು ಹದಿನೈದು ನಿಮಿಷ ಒಳಗೆ ನಡೆದು ಮಾರ್ಕೆಟ್ ಹುಡುಕಿ. ಪೋರ್ಟ್ ಆಫ್ ಸ್ಪೇನಿನಲ್ಲಿ ಆ ಕಷ್ಟ ಇಲ್ಲ. ರಸ್ತೆ ಬದಿಯ ಗಾಡಿ ಊರಿನವರನ್ನೇ ನಂಬಿಕೊಂಡಿದೆ.

ಮಾರ್ಕೆಟ್ ಅಂದೆನಲ್ಲ, ಅಲ್ಲಿ ನನಗೆ ಆದ ಸಂತೋಷ ಹೇಳಿ ತೀರದು. ಒಬ್ಬಾಕೆ ಕೆಂಪು ಮೊಗ್ಗಿನಂಥದ್ದನ್ನು ರಾಶಿ ಹಾಕಿ ಕೂತಿದ್ದಳು. ಸಾರೆಲ್ ಅಂದಳು. ಕ್ರಿಸ್‌ಮಸ್ ಹೊತ್ತಿಗೆ ಲವಂಗ, ಚಕ್ಕೆ, ಸಕ್ಕರೆ ಹಾಕಿ ಅದರ ಪಾನಕ ಮಾಡದ ಮನೆ ಇಲ್ಲವಂತೆ. ಕೈಗೆ ತಗೊಂಡು ನೋಡುತ್ತೇನೆ, ಪುಂಡಿ! ಉತ್ತರ ಕರ್ನಾಟಕದವರು ಪುಂಡಿಪಲ್ಯ ಮಾಡುತ್ತೀರಲ್ಲ, ಅದೇ ಗಿಡದ ಹೂವಿನ ಕೆಳಗಿನ ದಪ್ಪ ಎಸಳು. ನಾವು ಎಲೆ ತಿನ್ನುತ್ತೇವೆ, ಅವರು ಎಸಳು ಕುಡಿಯುತ್ತಾರೆ. ಅಲಸಂದೆಗೆ ಅಲ್ಲಿ 'ಬೋಡಿ', ಹಾಗಲಕಾಯಿಗೆ 'ಕರೈಲಿ', ಸೊಪ್ಪಿಗೆ 'ಭಾಜಿ'. ಒಗ್ಗರಣೆಗೆ 'ಚುಂಕೆ'. ಆಫ್ರಿಕಾ ಮೂಲದ ಅಡುಗೆಯವಳೂ ಬೇಳೆಗೆ ಚುಂಕೆ ಹಾಕು ಅಂತಲೇ ಹೇಳುತ್ತಾಳೆ. ಭೋಜಪುರಿ ಮಾತಾಡುವವರು ಅಲ್ಲಿ ಈಗ ತೀರಾ ಕಮ್ಮಿ. ಭಾಷೆ ಬಾಯಿಂದ ಹೋದ ಮೇಲೂ ಅಡುಗೆಮನೆಯಲ್ಲಿ ಇಷ್ಟು ಪದ ಉಳಿದಿವೆ.

ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ, ಅಲ್ವಾ? ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆಗೆ ಬಂತು. ತೊಗರಿ, ಅರಿಶಿನ ನಮ್ಮ ಕಡೆಯಿಂದ ಹೊರಟು ಆ ಕಡೆ ಸೇರಿದವು. ಮಾರ್ಕೆಟಿನಲ್ಲಿ ಎರಡೂ ಕಡೆಯ ಈ ರಾಶಿಗಳನ್ನು ಪಕ್ಕಪಕ್ಕದಲ್ಲಿ ನೋಡಿ ನಾನು ಸುಮ್ನೆ ಸ್ವಲ್ಪ ಹೊತ್ತು ನಿಂತುಬಿಟ್ಟೆ.

ತೊಗರಿ ಅಂದಾಗ 'ಪೆಲಾವ್' ನೆನಪಾಗುತ್ತದೆ. ಹೆಸರು ಪಲಾವಿನದು, ಮಾಡುವ ಕ್ರಮ ಬೇರೆ. ಕಾದ ಎಣ್ಣೆಗೆ ಸಕ್ಕರೆ ಹಾಕಿ ಅದು ಕಂದಾಗಿ, ಇನ್ನೇನು ಸೀದುಹೋಗುತ್ತೆ ಅನ್ನುವಷ್ಟರಲ್ಲಿ ಮಸಾಲೆ ಹಚ್ಚಿದ ಕೋಳಿ ಹಾಕುತ್ತಾರೆ. ಆಮೇಲೆ ಹಸಿ ತೊಗರಿಕಾಳು, ಅಕ್ಕಿ, ತೆಂಗಿನ ಹಾಲು. ಸಕ್ಕರೆಯ ಸಿಹಿ ಹೋಗಿ ಒಂದು ಗಾಢ ರುಚಿ ಉಳಿಯುತ್ತದೆ. ಸಮುದ್ರ ತೀರಕ್ಕೆ ಹೋಗುವಾಗ ಪಾತ್ರೆ ಸಮೇತ ಕಟ್ಟಿಕೊಂಡು ಹೋಗುತ್ತಾರೆ. ಗೆಳೆಯರ ಜೊತೆ ಸುಮ್ನೆ ಕೂತು ಹರಟುವುದಕ್ಕೆ ಅಲ್ಲಿ 'ಲೈಮ್' ಅನ್ನುತ್ತಾರೆ. ನಿಮ್ಮನ್ನು ಯಾರಾದರೂ ಲೈಮ್‌ಗೆ ಕರೆದರೆ ಬೇರೆ ಎಲ್ಲ ಬಿಟ್ಟು ಹೋಗಿ. ಅಲ್ಲಿಯ ಪೆಲಾವ್ ಯಾವ ಹೋಟೆಲಿನಲ್ಲೂ ಸಿಗುವುದಿಲ್ಲ.

ರೊಟ್ಟಿ ತಿನ್ನಲು ಸೇಂಟ್ ಜೇಮ್ಸ್ ಕಡೆಗೆ ಹೋದೆವು. ಕ್ವೀನ್ಸ್ ಪಾರ್ಕ್ ಓವಲ್ ಮೈದಾನದಿಂದ ಪಶ್ಚಿಮಕ್ಕೆ ನಡೆದರೆ ಸಿಗುವ ಬಡಾವಣೆ. ಮೈದಾನದ ಗೇಟಿನ ಮುಂದೆ ನಿಂತು ಅಪ್ಪನನ್ನು ನೆನೆದೆ. ಸೇಂಟ್ ಜೇಮ್ಸಿನ ಬೀದಿಗಳ ಹೆಸರು ಕೇಳಿ: ಕಲ್ಕತ್ತಾ ಸ್ಟ್ರೀಟ್, ಬಾಂಬೆ ಸ್ಟ್ರೀಟ್, ಮದ್ರಾಸ್ ಸ್ಟ್ರೀಟ್, ಲಕ್ನೋ ಸ್ಟ್ರೀಟ್. ಹಿಂದೆ ಕಬ್ಬಿನ ತೋಟ ಇದ್ದ ಜಾಗ, ಕೂಲಿಗೆ ಬಂದವರು ನೆಲೆ ನಿಂತ ಜಾಗ. ಅಲ್ಲಿ ಧಾಲ್‌ಪುರಿ ಮಾಡುವುದನ್ನು ನೋಡಿದೆ. ಬೇಳೆ ಬೇಯಿಸಿ, ನೀರು ಬಸಿದು, ಜೀರಿಗೆ ಹಾಕಿ ಪುಡಿಪುಡಿಯಾಗಿ ಅರೆಯುತ್ತಾರೆ. ಕಣಕದೊಳಗೆ ಆ ಹೂರಣ ತುಂಬಿ, ಬಾಯಿ ಮುಚ್ಚಿ, ತೆಳ್ಳಗೆ ಲಟ್ಟಿಸಿ, ದೊಡ್ಡ ತವಾ ಮೇಲೆ ಹಾಕುತ್ತಾರೆ. ಬೆಲ್ಲ ಇಲ್ಲದ ಹೋಳಿಗೆ ಅನ್ನಿ. ಅದರೊಳಗೆ ಕರಿ ಇಟ್ಟು ಪೊಟ್ಟಣದ ಹಾಗೆ ಮಡಚಿ ಕೊಡುತ್ತಾರೆ. ಇನ್ನೊಂದು ರೊಟ್ಟಿ ನಮ್ಮ ಪರೋಟದ ಹಾಗೆ ಪದರ ಪದರ. ತವಾ ಮೇಲೆಯೇ ಎರಡು ಮರದ ಚಪ್ಪಟೆ ಕೋಲಿನಿಂದ ಬಡಿದು ಚಿಂದಿ ಮಾಡುತ್ತಾರೆ. ಹರಿದ ಅಂಗಿಯ ಹಾಗೆ ಕಾಣುತ್ತದೆ ಅಂತ ಅದಕ್ಕೆ 'ಬಸ್ ಅಪ್ ಷಟ್' ಅಂತ ಹೆಸರು. ಬಸ್ ಅಪ್ ಅಂದರೆ ಹರಿದದ್ದು, ಷಟ್ ಅಂದರೆ ಷರ್ಟು.

ಮಾಂಸ, ಮೀನು ತಿನ್ನದವರಿಗೆ ಟ್ರಿನಿಡಾಡಿನಷ್ಟು ಸುಖದ ಕೆರಿಬಿಯನ್ ಊರು ಕಮ್ಮಿ. ಡಬಲ್ಸ್ ಪೂರ್ತಿ ಸಸ್ಯಾಹಾರ. ರೊಟ್ಟಿ ಅಂಗಡಿಯಲ್ಲಿ ಸಿಹಿಗುಂಬಳ, ಬೋಡಿ, ಆಲೂ ಕರಿ ಸಿಗುತ್ತದೆ. ಬದನೆಕಾಯಿ ಸುಟ್ಟು ಜಜ್ಜಿ ಮಾಡಿದ 'ಚೋಕಾ' ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ನೆಂಟ. ದಿನ ಪೂರ್ತಿ ಇದ್ದರೆ ಬಂದರಿನಿಂದ ವಾಟರ್ ಟ್ಯಾಕ್ಸಿ ಅನ್ನುವ ಪ್ರಯಾಣಿಕರ ದೋಣಿ ಹಿಡಿದು ದಕ್ಷಿಣದ ಸಾನ್ ಫರ್ನಾಂಡೊ ಊರಿಗೆ ಹೋಗಿ, ಅಲ್ಲಿಂದ ದೇಬೆ ಅನ್ನುವ ಊರು ಸೇರಿ. ರಸ್ತೆ ಬದಿಯಲ್ಲಿ ಸಾಲು ಸಾಲು ಅಂಗಡಿ. ಅಲ್ಲಿ 'ಸಹೀನಾ' ಕೇಳಿ. ಕೆಸುವಿನೆಲೆಗೆ ಬೇಳೆ ಹಿಟ್ಟು ಹಚ್ಚಿ, ಸುರುಳಿ ಸುತ್ತಿ, ಕತ್ತರಿಸಿ ಕರಿದದ್ದು. ನಮ್ಮ ಪತ್ರೊಡೆಯನ್ನು ನೆನಪಿಸದೆ ಬಿಡುವುದಿಲ್ಲ.

ಭಾಗ್ಯ ಇದ್ದು ಒಂದು ಹಿಂದೂ ಮದುವೆಗೆ ಕರೆ ಬಂದರೆ ಎಲೆ ಊಟವೂ ಸಿಗುತ್ತದೆ. ಬಾಳೆ ಎಲೆ ಅಲ್ಲ, 'ಸೊಹಾರಿ' ಅನ್ನುವ ಗಿಡದ ಅಗಲ ಎಲೆ. ಅದರ ಮೇಲೆ ಅನ್ನ, ರೊಟ್ಟಿ, ಏಳು ಬಗೆ ಕರಿ. ನನಗೆ ಅಂಥ ಒಂದು ಊಟ ಸಿಕ್ಕಿತು. ಮಾವಿನಕಾಯಿ ಕರಿಯ ಸಿಹಿ-ಹುಳಿ ಇನ್ನೂ ನಾಲಿಗೆಯಲ್ಲಿದೆ. ಕೈಯಲ್ಲೇ ಊಟ. ಪಕ್ಕದಲ್ಲಿ ಕೂತ ಅಜ್ಜಿ ನನ್ನ ಎಲೆ ಖಾಲಿಯಾಗಲು ಬಿಡಲಿಲ್ಲ.

ಕೊನೆಗೆ ಕಲಲೂ. ನನಗೆ ಬಹಳ ಇಷ್ಟವಾದದ್ದು ಇದು. ಭಾನುವಾರದ ಮಧ್ಯಾಹ್ನದ ಊಟದಲ್ಲಿ ಇದು ಇರಲೇಬೇಕು, ಆಫ್ರಿಕಾ ಮೂಲದವರ ಮನೆ ಇರಲಿ, ಭಾರತ ಮೂಲದವರ ಮನೆ ಇರಲಿ. ಪಕ್ಕದ ಮನೆಯಾಕೆ ನಮ್ಮನ್ನು ಕರೆದಿದ್ದರು. ನಾನು ಮುಂಚೆಯೇ ಹೋಗಿ ಒಲೆ ಪಕ್ಕ ನಿಂತೆ. ಎಳೆ ಕೆಸುವಿನೆಲೆ, ದಂಟು ಸಮೇತ ಹೆಚ್ಚಿದ್ದು. ಬೆಂಡೆಕಾಯಿ, ಸಿಹಿಗುಂಬಳದ ತುಂಡು, ಬೆಳ್ಳುಳ್ಳಿ, ಷಾಡೊ ಬೆನಿ, ತೆಂಗಿನ ಹಾಲು. ಮೇಲೆ ಒಂದು ಇಡೀ ಮೆಣಸಿನಕಾಯಿ, ತೊಟ್ಟು ಸಮೇತ. ಅದನ್ನು ಕತ್ತರಿಸಬಾರದು, ಒಡೆಯಬಾರದು. ಸುಮ್ನೆ ತೇಲುತ್ತಿರಬೇಕು. ಘಮ ಮಾತ್ರ ಬಿಡಬೇಕು, ಖಾರ ಬಿಡಬಾರದು. ಆಕೆ ಸೌಟು ಆಡಿಸುವಾಗ ಮೆಣಸನ್ನು ಪಕ್ಕಕ್ಕೆ ತಳ್ಳಿ ತಳ್ಳಿ ಕಾಯುತ್ತಿದ್ದರು, ನಿದ್ದೆ ಮಾಡುವ ಮಗುವನ್ನು ನೋಡಿಕೊಂಡ ಹಾಗೆ.

ಎಲ್ಲ ಬೆಂದು ಮೆತ್ತಗಾದ ಮೇಲೆ ಮೆಣಸನ್ನು ಹುಷಾರಾಗಿ ಎತ್ತಿಟ್ಟರು. ಆಮೇಲೆ ಗೋಡೆಯ ಮೊಳೆಯಿಂದ ಒಂದು ಕೋಲು ತೆಗೆದರು. ತುದಿಯಲ್ಲಿ ಕವಲು ಕವಲು. ಎರಡು ಅಂಗೈ ನಡುವೆ ಹಿಡಿದು ಪಾತ್ರೆಯಲ್ಲಿಟ್ಟು ಗರಗರ ತಿರುಗಿಸಿದರು. ಕಡಗೋಲು! ನಾನು ಜೋರಾಗಿಯೇ ಕೂಗಿಬಿಟ್ಟೆ. ಮಗಳು ಓಡಿ ಬಂದು "ಏನಾಯ್ತು ಚಿಕ್ಕಮ್ಮ?" ಅಂದಳು. ನಮ್ಮಜ್ಜಿ ಮಜ್ಜಿಗೆ ಕಡೆಯುತ್ತಿದ್ದ ಹಾಗೆಯೇ ಇತ್ತು ಆ ಕೈ ಓಡಾಟ. ಎರಡು ನಿಮಿಷದಲ್ಲಿ ಕಡು ಹಸಿರು, ನುಣ್ಣನೆ, ನಮ್ಮ ಮಸೊಪ್ಪಿನ ಹದ. ಅನ್ನದ ಮೇಲೆ ಹಾಕಿಕೊಂಡು ಉಂಡೆವು.

ಕೆಸುವಿನೆಲೆ ಗಂಟಲು ಕೆರೆಯುವುದಿಲ್ಲವಾ ಅಂತ ಕೇಳಿದೆ. ಚೆನ್ನಾಗಿ, ತುಂಬ ಹೊತ್ತು ಬೇಯಿಸಿದರೆ ಇಲ್ಲ ಅಂದರು. ನಾವು ಹುಣಸೆಹುಳಿ ಹಾಕುತ್ತೇವೆ ಅಂದೆ. ಆಕೆಗೆ ಅದು ಬಹಳ ವಿಚಿತ್ರ ಅನ್ನಿಸಿತು. ಕಲಲೂಗೆ ಹುಳಿಯಾ ಅಂತ ಎರಡೆರಡು ಸಲ ಕೇಳಿದರು.

ಊರಿಗೆ ಬಂದ ಮೇಲೆ ಮಳೆಗಾಲದಲ್ಲಿ ಒಂದು ದಿನ ಹಿತ್ತಲಿನ ಕೆಸುವಿನೆಲೆ ಕೊಯ್ದು ಕಲಲೂ ಮಾಡಿದೆ. ತೆಂಗಿನ ಹಾಲು, ಬೆಂಡೆಕಾಯಿ, ಸಿಹಿಗುಂಬಳ, ಇಡೀ ಮೆಣಸು. ಷಾಡೊ ಬೆನಿ ಬದಲು ಕೊತ್ತಂಬರಿ. ಒಂದೂವರೆ ಗಂಟೆ ಬೇಯಿಸಿದೆ. ಅಟ್ಟದಿಂದ ಅಜ್ಜಿಯ ಕಡಗೋಲು ತೆಗೆದು, ತೊಳೆದು, ಕಡೆದೆ. ಅಮ್ಮ ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಉಂಡರು. ಚೆನ್ನಾಗಿದೆ ಮಗಾ ಅಂದರು. ಮತ್ತೆ ಎದ್ದು ಅಡುಗೆಮನೆಗೆ ಹೋಗಿ, ಒಂದು ಚಿಕ್ಕ ಬಟ್ಟಲಿನಲ್ಲಿ ಹುಣಸೆಹುಳಿ ಕಿವುಚಿಕೊಂಡು ಬಂದು, ತಮ್ಮ ಅನ್ನದ ಮೇಲಿನ ಕಲಲೂಗೆ ಬಿಟ್ಟುಕೊಂಡರು. ಆಮೇಲೆ ನನ್ನ ತಟ್ಟೆಗೂ ಎರಡು ಚಮಚ ಹಾಕಿದರು.